ನೈಋತ್ಯದ ಬಿಸಿಲು

ಆ ಆಫೀಸಿನಲ್ಲಿ ನನಗೆ ‘ಬಾತ್‌ರೂಮ್ ಮೇಡಂ’ ಎಂದು ಹೆಸರಿತ್ತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ದುಬೈಯ ಅಲ್ ಮುರಕ್ಕಬಾತ್ ಬಡಾವಣೆಯ ಆ ಇಕ್ಕಟ್ಟಿನ ಆಫೀಸಿನಲ್ಲಿ ಬೆನ್ನ ಹಿಂದೆ ಆಡಿದ ಮಾತು ಕಿವಿಗೆ ಬೀಳದೆ ಇರಲು ಸಾಧ್ಯವೇ ಇರಲಿಲ್ಲ. ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಿ, ಮದುವೆಯಾಗಿ, ಗಂಡನ ಕಂಪ್ಯೂಟರ್ ಕೆಲಸದ ಬೆನ್ನು ಹಿಡಿದು ದುಬೈಗೆ ಬಂದವಳು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಕೈಗೆ ಬಂದದ್ದು ಒಂದು ಗೋದಾಮಿನ ಶೌಚಾಲಯದ ನಕ್ಷೆ. ಅದನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟದ್ದೇ ತಪ್ಪಾಯಿತು. ಆಮೇಲೆ ವಿಲ್ಲಾ ಇರಲಿ, ಶಾಲೆ ಇರಲಿ, ಲೇಬರ್ ಕ್ಯಾಂಪ್ ಇರಲಿ, ಅದರ ಶೌಚಾಲಯ ನೇರ ನನ್ನ ಮೇಜಿಗೆ ಬರುತ್ತಿತ್ತು. ಕಟ್ಟಡದ ಮುಖ ಬರೆಯುವವರು ಬೇರೆ, ನಲ್ಲಿ ಎಲ್ಲಿರಬೇಕು ಎಂದು ಬರೆಯುವವಳು ನಾನು. ಹೀಗೇ ಏಳೆಂಟು ವರ್ಷ ಕಳೆಯಿತು.

ಒಂದು ಬೇಸಿಗೆಯಲ್ಲಿ ಆಫೀಸಿನ ಇಬ್ಬರು ಹಿರಿಯ ಡಿಸೈನರುಗಳು ಒಟ್ಟಿಗೇ ಅಬುಧಾಬಿಯ ದೊಡ್ಡ ಕಂಪನಿಗೆ ಹಾರಿದರು. ಅದೇ ತಿಂಗಳು ನಮ್ಮ ಬಾಸ್ ಎಲ್ಲಿಂದಲೋ ಒಂದು ವಿಚಿತ್ರವಾದ ಕೆಲಸ ಹಿಡಿದು ತಂದರು. ದೂರದ ಉತ್ತರ ದೇಶದ ಒಂದು ಊರಿಗೆ ಹೊಸ ಫುಟ್‌ಬಾಲ್ ಸ್ಟೇಡಿಯಂ. ಚಳಿಗಾಲದಲ್ಲಿ ಅಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಲಾರಿ ಓಡಿಸುತ್ತಾರಂತೆ. ಬಾಸ್ ಈಜಿಪ್ಟಿನವರು, ಹಿಮವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಪ್ರೇಕ್ಷಕರ ಸ್ಟ್ಯಾಂಡುಗಳನ್ನು ಯಾರಿಗೆ ವಹಿಸುವುದು ಎಂದು ಸುತ್ತ ಕಣ್ಣಾಡಿಸಿ, ಬೇರೆ ಗತಿಯಿಲ್ಲದೆ ನನ್ನನ್ನು ಕರೆದರು. ಇದು ಆ ಊರಿನವರಿಗೆ ಒಪ್ಪಿಗೆಯಾದರೆ ನೀನು ಡಿಸೈನರ್, ಆಗದಿದ್ದರೆ ನಿನ್ನ ಹಳೆಯ ಕೆಲಸ ಎಲ್ಲೂ ಓಡಿಹೋಗುವುದಿಲ್ಲ ಎಂದರು. ಅವರು ಹೇಳಿದ್ದು ನಗುತ್ತಲೇ. ನನಗೆ ಮಾತ್ರ ನಗು ಬರಲಿಲ್ಲ. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಕುತೂಹಲ ನನ್ನ ಹಳೆಯ ಕಾಯಿಲೆ. ಚಳಿಯಲ್ಲಿ ಚೆಂಡು ಪುಟಿಯುತ್ತದೆಯೇ? ಪ್ಲಾಸ್ಟಿಕ್ ಕುರ್ಚಿ ಬಿರುಕು ಬಿಡುತ್ತದೆಯೇ? ಎಲ್ಲರೂ ಗ್ಲೌಸ್ ತೊಟ್ಟಿದ್ದರೆ ಚಪ್ಪಾಳೆಯ ಸದ್ದು ಹೇಗಿರುತ್ತದೆ? ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಕೇರಳದ ಡ್ರಾಫ್ಟ್ಸ್‌ಮನ್ನು, ಕರಾಚಿಯ ಎಂಜಿನಿಯರು, ಮನಿಲಾದ ರಿಸೆಪ್ಷನಿಸ್ಟು, ಎಲ್ಲರೂ ಬೆವರಿನ ದೇಶದವರೇ. ಎಲ್ಲರ ಬಳಿಯೂ ಒಂದೊಂದು ಅಭಿಪ್ರಾಯವಿತ್ತು, ಒಬ್ಬರ ಬಳಿಯೂ ಉತ್ತರವಿರಲಿಲ್ಲ.

ಉತ್ತರವಿಲ್ಲದಿದ್ದರೂ ಪೆನ್ಸಿಲು ಓಡಿತು. ಈ ಊರಿನಲ್ಲಿ ಕೈ ಪಳಗಿದವರು ಮೊದಲು ಬರೆಯುವುದೇ ನೆರಳನ್ನು. ಬಸ್ ಸ್ಟಾಪಿಗೆ ನೆರಳು, ಕಾರಿಗೆ ನೆರಳು, ನೀರಿನ ಟ್ಯಾಂಕಿಗೂ ನೆರಳು. ನಾನೂ ಸ್ಟೇಡಿಯಂಗೆ ಸುತ್ತಲೂ ಆಳವಾದ ಚಾವಣಿ ಕೊಟ್ಟೆ. ನೈಋತ್ಯ ಮೂಲೆಯಲ್ಲಿ ಮೆಟ್ಟಿಲು, ಟ್ಯಾಂಕು, ಕಂಟ್ರೋಲ್ ರೂಮು ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ಒಂದು ಗೋಪುರ ಎಬ್ಬಿಸಿದೆ. ಬಾಸ್‌ಗೆ ಗೋಪುರ ಬಹಳ ಹಿಡಿಸಿತು. ಅದರ ತುದಿಗೆ ಆ ಊರಿನ ಲಾಂಛನ ಇಡಿಸಿ, ಬಣ್ಣದ ಚಿತ್ರ ಮಾಡಿಸಿ, ಒಂದನ್ನು ಆ ಊರಿಗೆ ಕಳಿಸಿ, ಇನ್ನೊಂದನ್ನು ತಮ್ಮ ಕೋಣೆಯಲ್ಲೇ ತೂಗುಹಾಕಿಕೊಂಡರು.

ಗೋಪುರ ಅದೇ ಮೂಲೆಗೆ ಏಕೆ ಹೋಯಿತು ಎಂದು ಆಗ ಯಾರಾದರೂ ಕೇಳಿದ್ದರೆ ಪಡುವಣ ಬಿಸಿಲನ್ನು ತಡೆಯಲು ಎನ್ನುತ್ತಿದ್ದೆ. ಅದು ಅರ್ಧ ನಿಜ. ಆಗ ನಮ್ಮತ್ತೆ ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಬಂದು ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿದ್ದರು. ಬಂದ ಮರುದಿನವೇ ಕಪಾಟನ್ನು ಎಳೆಸಿ ನೈಋತ್ಯಕ್ಕೆ ನಿಲ್ಲಿಸಿದ್ದರು. ಆ ಮೂಲೆ ಭಾರವಾಗಿರಬೇಕು, ಎತ್ತರವಾಗಿರಬೇಕು, ಅಪ್ಪಿತಪ್ಪಿಯೂ ತೆರೆದಿರಬಾರದು ಎಂಬುದು ಅವರ ವಾಸ್ತು. ಬಾಡಿಗೆ ಫ್ಲ್ಯಾಟಿಗೆ ಎಂಥ ವಾಸ್ತು ಎಂದು ನಾನು ನಕ್ಕಿದ್ದೆ. ನಗುವುದು ಸುಲಭ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದದ್ದು ಕೈಯಲ್ಲಿ ಕೂತುಬಿಟ್ಟಿರುತ್ತದೆ. ಅಷ್ಟು ವರ್ಷಗಳಲ್ಲಿ ನಾನು ಯಾವ ನಕ್ಷೆಯಲ್ಲೂ ಆ ಮೂಲೆಯನ್ನು ಖಾಲಿ ಬಿಟ್ಟವಳಲ್ಲ. ಮರಳುಗಾಡಿನಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಅಲ್ಲಿ ವಾಸ್ತುವಿಗೂ ಬಿಸಿಲಿಗೂ ಒಳ್ಳೆಯ ಹೊಂದಾಣಿಕೆ.

ಚಳಿ ಎಂದರೇನೆಂದು ಮೈಯಿಂದಲೇ ತಿಳಿಯಬೇಕೆಂದು ಹಟ ಹಿಡಿದದ್ದು ಸೆಪ್ಟೆಂಬರಿನ ಕೊನೆಯಲ್ಲಿ. ನಮ್ಮದೇ ಮಹಡಿಯಲ್ಲಿ ಉಳ್ಳಾಲದ ಕಡೆಯ ಬ್ಯಾರಿಗಳೊಬ್ಬರ ಸಂಸಾರವಿತ್ತು. ಅವರು ಜೆಬೆಲ್ ಅಲಿಯ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಕೋಳಿ, ಮೀನು ಹಡಗಿನಿಂದ ಇಳಿದು ಬಂದು ಹೆಪ್ಪುಗಟ್ಟಿ ಮಲಗುವ ಜಾಗ ಅದು. ಒಳಗೆ ಒಮ್ಮೆ ನಿಲ್ಲಬೇಕು ಎಂದು ಲಿಫ್ಟಿನಲ್ಲಿ ಸಿಕ್ಕಾಗ ಕೇಳಿದೆ.

“ಚಳಿ ನೋಡ್ಲಿಕ್ಕೆ ಯಾರಾದ್ರೂ ಅಷ್ಟು ದೂರ ಬರ್ತಾರಾ ಅಕ್ಕ?” ಎಂದರು ಅವರು. “ನಿಮ್ಮ ಮನೆಯ ಏಸಿ ಹಾಕಿ ಕೂತ್ಕೊಳ್ಳಿ. ಸಾಕಾಗುದಿಲ್ಲ ಅಂದ್ರೆ ಬನ್ನಿ, ಕೋಟು ನಾನು ಕೊಡ್ತೇನೆ.”

ಹೋದೆ. ಅವರು ಕೊಟ್ಟ ಕೋಟಿನೊಳಗೆ ನನ್ನಂಥವರು ಇನ್ನೊಬ್ಬರು ಹಿಡಿಸುತ್ತಿದ್ದರು. ದಪ್ಪ ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಮೊದಲು ತಿಳಿದದ್ದು, ಚಳಿಗೆ ವಾಸನೆಯಿಲ್ಲ. ಹುಟ್ಟು ಸಸ್ಯಾಹಾರಿಯಾದ ನಾನು ಗುಡ್ಡೆಗುಡ್ಡೆ ಮೀನಿನ ನಡುವೆ ನಿಂತಿದ್ದೆ, ಮೂಗಿಗೆ ಏನೂ ಬಡಿಯಲಿಲ್ಲ. ಬರೆದುಕೊಳ್ಳೋಣವೆಂದರೆ ಪೆನ್ನು ಕೈಕೊಟ್ಟಿತು. ನಡೆಯುತ್ತಿದ್ದಾಗ ಪರವಾಗಿರಲಿಲ್ಲ, ನಿಂತ ಮೇಲೆ ಕಾಲಿನ ಬೆರಳುಗಳಿಂದ ಶುರುವಾಯಿತು ನೋಡಿ, ಯಾರೋ ಮೆಲ್ಲಗೆ ಇಕ್ಕಳದಿಂದ ಹಿಡಿದ ಹಾಗೆ. ಓಡಾಡುವ ಆಟಗಾರನಿಗಿಂತ ಕೂತು ನೋಡುವವನಿಗೆ ಹೆಚ್ಚು ಕಷ್ಟ ಎಂಬುದು ನನಗೆ ಅಲ್ಲಿ ಹೊಳೆಯಿತು. ಇನ್ನಷ್ಟು ಹೊತ್ತು ನಿಲ್ಲುವ ಆಸೆ ಇತ್ತು. ಅವರು ತೋಳು ಹಿಡಿಯದೆ, ಕುರಿಗಳನ್ನು ಅಟ್ಟುವವರಂತೆ ಎರಡೂ ಕೈ ಬೀಸಿ ನನ್ನನ್ನು ಹೊರಗೆ ಕಳಿಸಿದರು.

ಹೊರಗೆ ಊಟ ಮುಗಿದ ಹೊತ್ತು, ಬಿಸಿಲು ಕಣ್ಣು ಕುಕ್ಕುತ್ತಿತ್ತು. ಪಕ್ಕದ ಗೋದಾಮಿನ ಕೆಲಸಗಾರರು ಒಂದು ಲಾರಿಯ ನೆರಳಿನಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಿದ್ದರು. ಅದೇ ಅಂಗಳದ ಇನ್ನೊಂದು ಬದಿಯಲ್ಲಿ ಕೋಲ್ಡ್ ಸ್ಟೋರೇಜಿನ ಹುಡುಗರು ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಕಣ್ಣು ಮುಚ್ಚಿ ಮುಖವನ್ನು ಸೂರ್ಯನಿಗೆ ಒಡ್ಡಿ ಕೂತಿದ್ದರು. ದುಬೈಯಲ್ಲಿ ಅಷ್ಟು ವರ್ಷ ಇದ್ದು, ಬೇಕೆಂದೇ ಬಿಸಿಲಿನಲ್ಲಿ ಕೂತವರನ್ನು ನಾನು ನೋಡಿದ್ದು ಅದೇ ಮೊದಲು.

“ಅವ್ರು ಹಾಗೇ ಅಕ್ಕ,” ಎಂದರು ಪಕ್ಕದಲ್ಲಿ ನಿಂತಿದ್ದ ಸೂಪರ್‌ವೈಸರ್. “ನೆರಳಿಗೆ ಬನ್ನಿ ಅಂದ್ರೂ ಬರುದಿಲ್ಲ.”

ಕೋಟು ಬಿಚ್ಚಿಕೊಟ್ಟು ನಾನೂ ಆ ಗೋಡೆಗೆ ಒರಗಿದೆ. ಬಿಸಿಲು ಕೆನ್ನೆಗೆ ತಾಗಿತು, ಆಮೇಲೆ ಮಂಡಿಗೆ, ಕೊನೆಗೆ ಆ ಪಾಪದ ಬೆರಳುಗಳಿಗೆ. ಎಷ್ಟು ಹಿತವಾಗಿತ್ತೆಂದರೆ ನನಗೆ ಅಳುವೇ ಬಂತು. ಕಣ್ಣು ಬಿಟ್ಟು ಸೂರ್ಯ ಎಲ್ಲಿದ್ದಾನೆಂದು ನೋಡಿದೆ. ದಕ್ಷಿಣಕ್ಕೆ ವಾಲಿ ಪಡುವಣಕ್ಕೆ ಹೊರಟಿದ್ದ. ಆಟಗಳು ನಡೆಯುವುದೂ ಮಧ್ಯಾಹ್ನದ ಮೇಲೆ. ಆ ಹೊತ್ತಿನಲ್ಲಿ ನನ್ನ ಸ್ಟೇಡಿಯಂಗೆ ಬಿಸಿಲು ಯಾವ ದಿಕ್ಕಿನಿಂದ ಬರಬೇಕು ಎಂದು ಯೋಚಿಸಿದ ಕೂಡಲೇ ನೈಋತ್ಯದ ಗೋಪುರ ಕಣ್ಣ ಮುಂದೆ ಬಂದು ನಿಂತಿತು.

ರಜೆಯ ದಿನವಾದ ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಪರದೆ ಎಳೆದು, ರಟ್ಟಿನ ಮಾಡೆಲನ್ನು ಊಟದ ಮೇಜಿನ ಮೇಲಿಟ್ಟು, ಅತ್ತೆಯ ಕೈಗೆ ಟಾರ್ಚ್ ಕೊಟ್ಟೆ. ಅವರೇ ಸೂರ್ಯ. ಉತ್ತರದ ಆ ಊರಿನಲ್ಲಿ ಚಳಿಗಾಲದ ಸೂರ್ಯ ಎಷ್ಟು ಮೇಲೇರುತ್ತಾನೆಂದು ಲೆಕ್ಕ ಹಾಕಿಟ್ಟಿದ್ದೆ. ಕೆಳಗೆ, ಇನ್ನೂ ಕೆಳಗೆ ಎನ್ನುತ್ತಾ ಹೋದೆ. ಮಂಡಿನೋವಿನ ಅತ್ತೆ ಗೊಣಗುತ್ತಾ ಬಗ್ಗಿದರು.

“ಇಷ್ಟೇನಾ ಅಲ್ಲಿ ಸೂರ್ಯ ಮೇಲೆ ಬರೋದು? ಪಾಪ,” ಎಂದರು.

ಟಾರ್ಚಿನ ಬೆಳಕು ಗೋಪುರಕ್ಕೆ ಬಡಿದು ನಿಂತಿತು. ಅದರ ನೆರಳು ಮೈದಾನವನ್ನು ದಾಟಿ, ಎದುರಿನ ಸಾಮಾನ್ಯ ಜನರ ಸ್ಟ್ಯಾಂಡನ್ನು ಪೂರ್ತಿ ನುಂಗಿತ್ತು. ಕಾಲಿನ ಬೆರಳು ಮರಗಟ್ಟಿಸಿಕೊಂಡು ಕೂರುವ ಜನಕ್ಕೆ ಸಿಗಬಹುದಾಗಿದ್ದ ಅಷ್ಟಿಷ್ಟು ಬಿಸಿಲನ್ನೂ ನಾನು ಟ್ಯಾಂಕು ಕಟ್ಟಿ ಮುಚ್ಚಿದ್ದೆ. ಬ್ಲೇಡ್ ತಂದು ಗೋಪುರವನ್ನು ಬುಡದಿಂದ ಕತ್ತರಿಸಿ ತೆಗೆದೆ. ಅದರ ಎಡಬಲದ ಚಾವಣಿಯನ್ನೂ ಕೊಯ್ದೆ, ಒಂದು ಮೋಟು ಗೋಡೆಯಷ್ಟೇ ಉಳಿಯಿತು. ಮೂಲೆ ಬಾಯಿ ತೆರೆದುಕೊಂಡಿತು, ಬೆಳಕು ಒಳನುಗ್ಗಿ ಎದುರಿನ ಸ್ಟ್ಯಾಂಡಿನ ಮೇಲೆ ಹರಡಿತು.

ಅತ್ತೆ ಮಾಡೆಲನ್ನು ಸುತ್ತಿ ಬಂದು ದಿಕ್ಕು ಲೆಕ್ಕ ಹಾಕಿದರು. “ಅಲ್ಲ ಕಣೆ, ನೈಋತ್ಯಾನೇ ಕಡಿದುಹಾಕ್ಬಿಟ್ಯಲ್ಲ. ಅದ್ಯಾರ ತಲೆ ಮೇಲೆ ಬರುತ್ತೋ.”

ಆ ಜನಕ್ಕೆ ಬಿಸಿಲು ಬರುವುದು ಅದೊಂದೇ ಕಡೆಯಿಂದ ಅತ್ತೆ, ಎಂದೆ. ಅವರು ಟಾರ್ಚನ್ನು ಮತ್ತೆ ಹಚ್ಚಿ, ಬಗ್ಗಿ, ತಾವೇ ಇನ್ನೊಮ್ಮೆ ನೋಡಿದರು.

“ಹಂಗಾದ್ರೆ ಬಿಡು,” ಎಂದರು ಕೊನೆಗೆ. “ಚಳೀಲಿ ನಡುಗೋರಿಗೆ ಎಂಥ ವಾಸ್ತು.”

ಬಾಸ್ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಗೋಡೆಯ ಮೇಲಿನ ಬಣ್ಣದ ಚಿತ್ರವನ್ನೂ ಕೈಯಲ್ಲಿದ್ದ ಹೊಸ ನಕ್ಷೆಯನ್ನೂ ಹೋಲಿಸಿ ನೋಡಿದರು. ಗೋಪುರ ಇಡೀ ಯೋಜನೆಯ ಮುಖ, ಮುಖ ಕೊಯ್ದು ಯಾರಾದರೂ ಗಿರಾಕಿಯ ಮುಂದೆ ಇಡುತ್ತಾರೆಯೇ ಎಂದರು. ನಾನು ವಾದ ಮಾಡಿದೆ. ನನಗೆ ಸಿಟ್ಟು ಬಂದಾಗ ಇಂಗ್ಲಿಷ್ ಸರಾಗವಾಗಿ ಬರುತ್ತದೆ, ಅದೊಂದು ಅನುಕೂಲ. ಕೊನೆಗೆ ಅವರು ‘ಖಲಾಸ್’, ಸಾಕು ನಿನ್ನ ವಾದ, ಎಂದು ಮೇಜು ಕುಟ್ಟಿದರು. ಹೊಸದನ್ನೇ ತೋರಿಸೋಣ, ಆದರೆ ಗೋಪುರ ಎಲ್ಲಿ ಎಂದು ಅವರು ಕೇಳಿದರೆ ಉತ್ತರ ನಿನ್ನದು, ಆಮೇಲಿನ ಪರಿಣಾಮವೂ ನಿನ್ನದು ಎಂದರು. ಪರಿಣಾಮ ಏನೆಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಜನವರಿಯಲ್ಲಿ ಆ ಊರಿನ ಮೂವರು ಬಂದರು. ನಾವೆಲ್ಲ ಸ್ವೆಟರು ಹಾಕಿಕೊಂಡು ಓಡಾಡುತ್ತಿದ್ದ ಕಾಲ ಅದು. ಅವರು ಅಂಗಿಯ ತೋಳು ಮಡಚಿ ಬೆವರು ಒರೆಸಿಕೊಳ್ಳುತ್ತಿದ್ದರು. ಮೂವರಲ್ಲಿ ಹಿರಿಯರಾದ ಒಬ್ಬರು ಹೆಚ್ಚು ಮಾತಾಡಲಿಲ್ಲ. ಬಾಸ್ ಹಾಡಿ ಹೊಗಳಿ ಮುಗಿಸಿದ ಮೇಲೆ ಆ ಹಿರಿಯರು ಮಾಡೆಲ್ ಹತ್ತಿರ ಬಂದು ತೆರೆದ ಮೂಲೆಯ ಮೇಲೆ ಬೆರಳಿಟ್ಟು ಏನೋ ಕೇಳಿದರು. ಮೊದಲು ಕಳಿಸಿದ್ದ ಚಿತ್ರದಲ್ಲಿ ಇಲ್ಲೊಂದು ಗೋಪುರವಿತ್ತಲ್ಲ ಎಂದು ಅವರ ಜೊತೆಗಿದ್ದ ದುಭಾಷಿ ಹೇಳಿದ. ಬಾಸ್ ನನ್ನ ಕಡೆ ತಿರುಗಿದರು.

ಬಾಯಿಪಾಠ ಮಾಡಿದ್ದ ಮಾತೆಲ್ಲ ಮರೆತುಹೋಯಿತು. ದೀಪ ಆರಿಸಿ, ಬ್ಯಾಗಿನಿಂದ ಮನೆಯ ಟಾರ್ಚ್ ತೆಗೆದು ಮೇಜಿನ ಅಂಚಿಗೆ ತಗ್ಗಿಸಿ ಹಿಡಿದೆ. ಬೆಳಕು ಮೂಲೆಯಿಂದ ಹಾದು ಎದುರಿನ ಸ್ಟ್ಯಾಂಡಿಗೆ ಬಿತ್ತು. ಇಲ್ಲಿ ಕೂರುವವರು ಯಾರು ಎಂದು ಹಿರಿಯರು ದುಭಾಷಿಯಿಂದ ಕೇಳಿಸಿದರು. ಅಗ್ಗದ ಟಿಕೆಟಿನವರು ಎಂದೆ. ಅವರು ಕೈ ಚಾಚಿ ನನ್ನಿಂದ ಟಾರ್ಚ್ ತೆಗೆದುಕೊಂಡರು. ಮೇಜಿನ ಮಟ್ಟಕ್ಕೆ ಬಗ್ಗಿ, ನಾನು ಹಿಡಿದದ್ದಕ್ಕಿಂತ ಇನ್ನೂ ತಗ್ಗಿಸಿದರು. ಬೆಳಕು ಮೂಲೆಯಲ್ಲಿ ಉಳಿದಿದ್ದ ಮೋಟು ಗೋಡೆಗೆ ತಾಗಿ ಸ್ಟ್ಯಾಂಡಿನ ಕೆಳಗಿನ ಸಾಲುಗಳು ಕತ್ತಲಾದವು.

“ನಮ್ಮ ಸೂರ್ಯ ಇಲ್ಲಿರುತ್ತಾನೆ ಅಂತಿದಾರೆ,” ಎಂದ ದುಭಾಷಿ. “ಆ ಗೋಡೆಯನ್ನೂ ತೆಗೀಬೇಕಂತೆ.”

ಹಿರಿಯರು ಟಾರ್ಚ್ ವಾಪಸು ಕೊಡುತ್ತಾ ಇನ್ನೊಂದು ಪ್ರಶ್ನೆ ಕೇಳಿದರು. ನೀವು ಹಿಮ ನೋಡಿದ್ದೀರಾ? ಇಲ್ಲ ಎಂದೆ, ಜೆಬೆಲ್ ಅಲಿಯಲ್ಲಿ ಬಿಸಿಲು ನೋಡಿದ್ದೇನೆ. ದುಭಾಷಿ ಅದನ್ನು ಅವರಿಗೆ ಹೇಗೆ ದಾಟಿಸಿದನೋ ಗೊತ್ತಿಲ್ಲ. ಅವರು ಮೊದಲ ಬಾರಿಗೆ ನಕ್ಕರು.

ಒಪ್ಪಿಗೆಯಾಯಿತು. ಆಫೀಸಿನಲ್ಲಿ ಕೇಕು ಕತ್ತರಿಸಿದರು. ಆ ವಾರವಿಡೀ ನಾನು ನೆಲದ ಮೇಲೆ ನಡೆಯಲಿಲ್ಲ. ಅಲ್ಲಿಗೆ ಹೋಗಲು ಬೂಟು ಎಲ್ಲಿ ಸಿಗುತ್ತದೆಂದು ವಿಚಾರಿಸುವಷ್ಟು ಮುಂದೆ ಹೋಗಿದ್ದೆ. ಆಮೇಲೆ ಕಾಗದ ಬಂತು. ಕಲ್ಪನೆ ನಮ್ಮದಿರಲಿ, ಮುಂದಿನ ವಿವರವಾದ ನಕ್ಷೆಗಳನ್ನು ಅವರ ದೇಶದ ಕಂಪನಿಯೇ ಮಾಡಬೇಕೆಂಬ ನಿಯಮವಂತೆ. ದುಬೈಗೆ ಒಂದೇ ಒಂದು ಭಾಗ ಉಳಿಸಿದ್ದರು. ಶೌಚಾಲಯಗಳು.

ಬಾಸ್ ಅದನ್ನು ನನಗೆ ಹೇಳುವಾಗ ಮುಖ ನೋಡಲಿಲ್ಲ. ಕೇರಳದ ಡ್ರಾಫ್ಟ್ಸ್‌ಮನ್ನು ನಗು ತಡೆಯಲಾಗದೆ ನೀರು ಕುಡಿಯಲು ಎದ್ದು ಹೋದ. ನನಗೆ ಬಂದ ಸಿಟ್ಟಿಗೆ ರಾಜೀನಾಮೆ ಬರೆದು ಡ್ರಾಯರಿನಲ್ಲಿ ಇಟ್ಟುಕೊಂಡೆ, ಎರಡು ದಿನ ಅದನ್ನು ತೆಗೆಯುತ್ತಾ ಇಡುತ್ತಾ ಕಳೆದೆ.

ಮೂರನೆಯ ದಿನ ಉತ್ತರದಿಂದ ನಕ್ಷೆಗಳ ಸುರುಳಿ ಬಂತು. ಶೌಚಾಲಯಗಳನ್ನು ಎಲ್ಲೆಲ್ಲಿ ಕೂರಿಸಬೇಕು ಎಂದು ತೋರಿಸಲು ಇಡೀ ಸ್ಟೇಡಿಯಂನ ನಕ್ಷೆ ಕಳಿಸಿದ್ದರು. ಬೇಡವೆಂದರೂ ಕೈ ತಡೆಯದೆ ಬಿಚ್ಚಿದೆ. ಚಾವಣಿ ಬದಲಾಗಿತ್ತು, ಬಾಗಿಲುಗಳು ಬದಲಾಗಿದ್ದವು, ನನ್ನ ಮೆಟ್ಟಿಲುಗಳ ಗುರುತೇ ಇರಲಿಲ್ಲ. ಬೆರಳು ನೈಋತ್ಯಕ್ಕೆ ಜಾರಿತು. ಮೂಲೆ ತೆರೆದೇ ಇತ್ತು. ಮೋಟು ಗೋಡೆಯೂ ಹೋಗಿತ್ತು. ಆ ಖಾಲಿ ಜಾಗದಲ್ಲಿ ಯಾರೋ ಪೆನ್ನಿನಿಂದ ಮಕ್ಕಳು ಬರೆಯುವಂಥ ಒಂದು ಸೂರ್ಯನನ್ನು ಬರೆದಿದ್ದರು, ದುಂಡಗೆ, ಸುತ್ತ ಕಡ್ಡಿ ಕಡ್ಡಿ ಕಿರಣ. ಕಿರಣಗಳಲ್ಲಿ ಒಂದನ್ನು ಮಾತ್ರ ಉದ್ದಕ್ಕೆ ಎಳೆದು, ಮೈದಾನ ದಾಟಿಸಿ, ಅಗ್ಗದ ಟಿಕೆಟಿನ ಕೊನೆಯ ಸಾಲಿನವರೆಗೆ ಮುಟ್ಟಿಸಿದ್ದರು.

ಆಮೇಲೆ ಹೊಸ ಹಾಳೆ ಹಾಸಿ, ಆ ಕೊನೆಯ ಸಾಲಿನ ಹಿಂದೆಯೇ ಮೊದಲ ಶೌಚಾಲಯ ಬರೆಯಲು ಕೂತೆ. ಎದ್ದು ಬಂದವರು ಬೇಗ ತಮ್ಮ ಬಿಸಿಲಿಗೆ ಹಿಂತಿರುಗಬೇಕಿತ್ತು.