ಕಿಡಿ ಮಾಸ್ತರು ಮತ್ತು ಒದ್ದೆ ಬಟ್ಟೆಯ ಬೀದಿ

ಕಿಡಿ ಮಾಸ್ತರನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ಮೀಸೆ ತಿರುವುತ್ತಿದ್ದರು. ಅರ್ಧ ಆಯುಷ್ಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬೆಸೆದವರು. ಭುಜ ಸೋತ ಮೇಲೆ ಮೂಲೆ ಹಿಡಿಯುವ ಬದಲು ಕಂಪ್ಯೂಟರ್ ಹಿಡಿದರು. ಗುರುವಿಲ್ಲ, ಶಾಲೆಯಿಲ್ಲ, ಆದರೂ ಕಲಿತರು. ನಾನೂ ಹಾಗೆಯೇ ಬಡಗಿ ಕೆಲಸ ಕಲಿತವನಾದ್ದರಿಂದ ಹೇಳುತ್ತೇನೆ: ತಾನೇ ಈಜು ಕಲಿತವನಿಗೆ ಹೊಳೆಯೇ ತನ್ನದು ಎನ್ನುವ ಕೊಬ್ಬು ಬರುತ್ತದೆ. ಮಾಸ್ತರಿಗೆ ಅದು ಗಂಟಲವರೆಗೆ ಬಂದಿತ್ತು.

ಅವರ ಅಕ್ಕನದು ಲಾಂಡ್ರಿ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಮಾಸ್ತರು ಏನೂ ಬಾರದವರಿಗೆ ಕಂಪ್ಯೂಟರ್ ಆಟ ಕಟ್ಟುವುದನ್ನು ಕಲಿಸುತ್ತಿದ್ದರು. ಕೆಳಗೆ ಯಂತ್ರ ಬಟ್ಟೆ ಹಿಂಡತೊಡಗಿದರೆ ಮೇಲೆ ನೆಲ ನಡುಗಿ ಕುರ್ಚಿಗಳು ತಾವೇ ಸರಿಯುತ್ತಿದ್ದವು. ಕಲಿಯಲು ಬರುತ್ತಿದ್ದವರು ನಾನು, ಒಬ್ಬ ಬಸ್ ಡ್ರೈವರು, ಒಬ್ಬ ನರ್ಸು, ಮತ್ತೆ ಅಕ್ಕನ ಸೊಸೆ.

ಮೊದಲ ದಿನವೇ ಡ್ರೈವರು, ತನ್ನದೇ ಒಂದು ಬಸ್ಸಿನ ಆಟ ಮಾಡಬೇಕು ಎಂದ. ಮಾಸ್ತರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು.

"ಅಂಬೆಗಾಲು ಇಡೋಕೆ ಬರದೋನಿಗೆ ಕುದುರೆ ಯಾಕಪ್ಪ? ಮೊದಲು ಇನ್ನೊಬ್ರು ಕಟ್ಟಿದ ಮನೇಲಿ ಸೋರೋ ಹೆಂಚು ಸರಿ ಮಾಡು. ಅರಮನೆ ಆಮೇಲೆ."

ಇನ್ನೊಬ್ಬರ ಮನೆ ಎಂದರೆ ಏಡಿಯ ಆಟ. ಒಂದು ಏಡಿ ಊರೂರು ಅಲೆಯುತ್ತದೆ, ಬೀದಿಗೊಂದು ತೊಡಕು. ಅದು ಓಪನ್ ಸೋರ್ಸ್ ಆಟ. ಊರ ಬಾವಿ ಇದ್ದ ಹಾಗೆ. ಅದರ ಕೋಡನ್ನು, ಎಂದರೆ ಆಟವನ್ನು ನಡೆಸುವ ಬರಹವನ್ನು, ಯಾರು ಬೇಕಾದರೂ ಬಗ್ಗಿ ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು, ಹೊಸ ಬೀದಿಯನ್ನೇ ಕಟ್ಟಿ ಸೇರಿಸಬಹುದು. ದೂರದ ಯಾವುದೋ ದೇಶದಲ್ಲಿ ಕೂತ ಮೇಲ್ವಿಚಾರಕಿಯೊಬ್ಬಳು ಬಂದದ್ದನ್ನು ಜಾಲಾಡಿ, ಒಪ್ಪಿದರೆ ಆಟಕ್ಕೆ ಸೇರಿಸುತ್ತಾಳೆ. ಬೀದಿಯ ಬುಡದಲ್ಲಿ ಕಟ್ಟಿದವರ ಹೆಸರು ಇರುತ್ತದೆ, ಮುಂದೆ ಅದರ ಕಾವಲೂ ಅವರದೇ.

ಪಾಠ ಒಳ್ಳೆಯದೇ. ಆದರೆ ಮಾಸ್ತರು ಎಲ್ಲರ ಕೆಲಸವನ್ನೂ ತಮ್ಮ ಒಂದೇ ಖಾತೆಯಿಂದ ಕಳಿಸುತ್ತಿದ್ದರು. "ನಿಮ್ಮ ಹೆಸರಲ್ಲಿ ಹೋದ್ರೆ ಅಲ್ಲಿ ಮೂಸಿಯೂ ನೋಡಲ್ಲ," ಎನ್ನುತ್ತಿದ್ದರು. ನಮಗೂ ಭಯ; ತಲೆಯಾಡಿಸಿದೆವು.

ಸೊಸೆ ಮಾತ್ರ ತಲೆಯಾಡಿಸಲಿಲ್ಲ. ಆಕೆ ಚಳಿಗಾಲವಿಡೀ ಒಂದು ಬೀದಿ ಕಟ್ಟಿದ್ದಳು. ಲಾಂಡ್ರಿಯ ಮಾಳಿಗೆ, ಉದ್ದಕ್ಕೂ ಬಟ್ಟೆ ಒಣಗಿಸುವ ತಂತಿಗಳು. ಏಡಿ ಕ್ಲಿಪ್ಪುಗಳನ್ನು ಕಚ್ಚಿಕೊಂಡು ದಾಟಬೇಕು. ಒಣಗಿದ ಬಟ್ಟೆ ಭಾರ ತಾಳುತ್ತದೆ, ಒದ್ದೆ ಬಟ್ಟೆ ಜೋಲುತ್ತದೆ, ಗಾಳಿ ಬೀಸಿದರೆ ಲೆಕ್ಕವೆಲ್ಲ ತಲೆಕೆಳಗು. ಆಡಿದವರೆಲ್ಲ ಬಿದ್ದು ಬಿದ್ದು ನಕ್ಕೆವು. ಮಾಸ್ತರು ನಗಲಿಲ್ಲ, ಆದರೆ ಗುಟ್ಟಾಗಿ ಮತ್ತೆ ಮತ್ತೆ ಆಡಿದರು.

ಅತ್ತೆಗೆ, ಎಂದರೆ ಮಾಸ್ತರ ಅಕ್ಕನಿಗೆ, ಇದೆಲ್ಲ ಮೈತುರಿಕೆ. "ಒಗೆಯೋ ಬಟ್ಟೇನೂ ಊರವರದ್ದು, ಕಟ್ಟೋ ಆಟಾನೂ ಊರವರದ್ದು. ನಿನ್ನದು ಅಂತ ಏನೇ ಇದೆ?"

"ಬುಡದಲ್ಲಿ ನನ್ನ ಹೆಸರಿರುತ್ತಲ್ಲ ಅತ್ತೆ. ಅದು," ಎಂದಳು ಸೊಸೆ. ಆಕೆಗೆ ಬೇಕಿದ್ದದ್ದು ಅಷ್ಟೇ, ಅದಕ್ಕಿಂತ ಒಂದು ಕೂದಲೂ ಕಡಿಮೆ ಅಲ್ಲ.

ಒಂದು ಭಾನುವಾರ ಮಾಸ್ತರಿಗೆ ಹುರುಪು ಬಂತು. ಎಲ್ಲರೂ ಚಿಕ್ಕಪುಟ್ಟ ತಿದ್ದುಪಡಿ ಮಾಡಿ ಎಂದರು. ಒಬ್ಬರು ಬಣ್ಣ ಬದಲಿಸಿದರು, ಒಬ್ಬರು ಅಕ್ಷರ ತಿದ್ದಿದರು, ನಾನು ಬಾಗಿಲೊಂದರ ಕೀಲು ಸರಿ ಮಾಡಿದೆ. ರಾಶಿ ರಾಶಿ ಕೆಲಸ, ಅದರೊಳಗೆ ಆಕೆಯನ್ನು ಕೇಳದೆಯೇ ಸೇರಿಸಿದ ಸೊಸೆಯ ಬೀದಿಯೂ, ಒಂದೇ ಖಾತೆಯಿಂದ ಒಂದೇ ಮಧ್ಯಾಹ್ನ ಹೋಯಿತು. ದೂರದ ಮೇಲ್ವಿಚಾರಕಿಗೆ ಇದು ಮನುಷ್ಯರ ಕೆಲಸ ಎಂದು ಹೇಗೆ ಅನಿಸಬೇಕು? ಯಂತ್ರವೋ ಕಿಡಿಗೇಡಿಯೋ ಕಸ ಸುರಿಯುತ್ತಿದೆ ಎಂದುಕೊಂಡಳು. ಅಷ್ಟನ್ನೂ ಹಿಂದಕ್ಕೆಸೆದು ಖಾತೆಗೆ ಬೀಗ ಜಡಿದಳು.

ಸೊಸೆ ತನ್ನದೇ ಖಾತೆ ತೆರೆದು ಬೀದಿಯನ್ನು ಮತ್ತೆ ಕಳಿಸಿದಳು. ಉತ್ತರ ಬಂತು: ಇದೇ ಬೀದಿ ಬೀಗ ಹಾಕಿದ ಖಾತೆಯಿಂದಲೂ ಬಂದಿದೆ. ಕದ್ದ ಮಾಲು ನಾವು ಸೇರಿಸುವುದಿಲ್ಲ. ಅದು ತಮ್ಮದಲ್ಲ ಎಂದು ಆ ಖಾತೆಯವರೇ ಆಟದ ಬಹಿರಂಗ ಪುಟದಲ್ಲಿ ಬರೆಯಲಿ, ಬೀಗ ಬಿದ್ದ ಖಾತೆಯಿಂದಲೂ ಅಷ್ಟು ಬರೆಯಬಹುದು.

ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದಳು. "ಬರೀರಿ ಮಾವ. ಒಂದು ಸಾಲು."

"ನಾನು ಯಾರ ಮುಂದೇನೂ ಕೈಕಟ್ಟಿ ನಿಂತೋನಲ್ಲ."

"ಕೈ ಕಟ್ಟಬೇಡಿ. ಕೈಯಲ್ಲಿ ಬರೀರಿ ಸಾಕು."

"ಕಲಿಸಿದ್ದು ಯಾರು?"

"ಕಲಿಸಿದೋರು ನೀವೇ, ಕದ್ದೋರೂ ನೀವೇ. ಎರಡನ್ನೂ ನಾನು ಮರೆಯಲ್ಲ."

ಮಾಸ್ತರು ಬಾಗಿಲು ತೋರಿಸಿದರು. ಆಕೆ ಹೋದಳು. ಅವಳ ಹಿಂದೆ ನರ್ಸು, ಡ್ರೈವರು, ಕಡೆಗೆ ನಾನೂ ಇಳಿದೆವು. ಮಾಸ್ತರು ಖಾಲಿ ಕುರ್ಚಿಗಳಿಗೆ ಗುರುವಾದರು.

ಆ ವಾರಾಂತ್ಯ ನಾನು ನನ್ನ ಕೋಟು ಪಡೆಯಲು ಲಾಂಡ್ರಿಯ ಸಾಲಿನಲ್ಲಿ ನಿಂತಿದ್ದೆ. ಮುಂದೆ ಮಾಸ್ತರು, ಮೈಮೇಲೆ ಬೆವರು ನಾರುವ ಬನಿಯನ್.

"ನನ್ನ ಅಂಗಿಗಳೆಲ್ಲಿ?"

"ಚೀಟಿ ಕೊಡಿ," ಎಂದಳು ಸೊಸೆ, ಅಪರಿಚಿತರೊಡನೆ ಮಾತಾಡುವವಳಂತೆ.

"ಅಕ್ಕನ ಅಂಗಡೀಲಿ ನನಗೆ ಚೀಟಿಯಾ?"

"ಚೀಟಿ ಇಲ್ಲದ ಬಟ್ಟೆ ಆ ಕಪಾಟಿಗೆ ಹೋಗುತ್ತೆ. ಯಾರದ್ದೋ ಏನೋ."

ಕಪಾಟಿನಲ್ಲಿ ಅಂಗಿಗಳು ಕಾಣುತ್ತಿದ್ದವು. ಮಾಸ್ತರು ಅತ್ತ ಬೆರಳು ಚಾಚಿದರು. "ತೋಳಲ್ಲಿ ವೆಲ್ಡಿಂಗ್ ಕಿಡಿ ಸುಟ್ಟ ತೂತಿದೆ. ನಂದು ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು."

"ಬೀದಿ ನಂದು ಅಂತಾನೂ ಎಲ್ಲರಿಗೂ ಗೊತ್ತಿತ್ತು. ಏನು ಬಂತು?"

ಮಾಸ್ತರು ಇಸ್ತ್ರಿ ಮಾಡುತ್ತಿದ್ದ ಅಕ್ಕನ ಕಡೆ ತಿರುಗಿದರು. ಅಕ್ಕ ತಲೆ ಎತ್ತಲಿಲ್ಲ. "ಚೀಟಿ ತೋರ್ಸು, ಇಲ್ಲ ದಾರಿ ಬಿಡೋ. ಹಿಂದೆ ಗಿರಾಕಿಗಳು ನಿಂತಿದಾರೆ." ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನೇ ಇರಬೇಕು.

ಮಾಸ್ತರು ದಡದಡ ಮೇಲೆ ಹೋದರು. ಆ ದಿನ ಅವರು ಬಹಿರಂಗ ಪುಟದಲ್ಲಿ ಬರೆದದ್ದನ್ನು ನಾನೂ ಓದಿದೆ:

"ಆ ಬೀದಿ ನನ್ನದಲ್ಲ. ಕಟ್ಟಿದ್ದು ಕೆಳಗಿನ ಲಾಂಡ್ರಿಯ ಹೆಂಗಸು. ಅವಳನ್ನು ಕಂಡರೆ ನನಗಾಗದು. ಬೀದಿ ಚೆನ್ನಾಗಿದೆ. ನನ್ನ ಹೆಸರು ತೆಗೆಯಿರಿ."

ಮೇಲ್ವಿಚಾರಕಿಯೂ ಸಿಹಿ ಮಾತಿನವಳಲ್ಲ. "ತೆಗೆದಿದ್ದೇವೆ. ನಿಮ್ಮ ಖಾತೆಯ ಬೀಗ ಹಾಗೇ ಇರುತ್ತದೆ," ಎಂದಳು. ಬೀದಿ ಆಟಕ್ಕೆ ಸೇರಿತು, ಬುಡದಲ್ಲಿ ಸೊಸೆಯ ಹೆಸರು ಬಂತು. ಯಾರಿಗಾದರೂ ಕೃತಜ್ಞತೆ ಹೇಳುವುದಿದ್ದರೆ ಎಂದು ಬಿಟ್ಟಿದ್ದ ಜಾಗವನ್ನು ಆಕೆ ಖಾಲಿ ಬಿಟ್ಟಳು. ಮಾಸ್ತರ ಅಂಗಿಗಳನ್ನು ಮಾತ್ರ ಗರಿಗರಿ ಮಡಚಿ, ಚೀಟಿ ಹಚ್ಚಿ, ಮೆಟ್ಟಿಲ ಮೇಲೆ ಇಟ್ಟಳು.

ನಾವೂ ಒಬ್ಬೊಬ್ಬರಾಗಿ ಮೇಲಿನ ಕೋಣೆಗೆ ಮರಳಿದೆವು. ಬೈದರೂ ಕಲಿಸುವವರು ಬೇರೆ ಯಾರಿದ್ದರು? ಈಗ ಹೊಸಬರು ಬಂದರೆ ಮಾಸ್ತರು ಮೊದಲು ಹೇಳುವುದು, "ನಿನ್ನ ಹೆಸರಲ್ಲಿ ಖಾತೆ ತೆಗಿ. ನಂದು ಬೀಗ ಬಿದ್ದ ಮನೆ." ಎರಡನೆಯದು, "ಒದ್ದೆ ಬಟ್ಟೆಯ ಬೀದೀಲಿ ತಪ್ಪು ಹುಡುಕು." ಹೊಸಬರು ಹುಡುಕುವಾಗ ಮಾಸ್ತರ ಕಣ್ಣು ಮಿನುಗುತ್ತದೆ.

ಮೊನ್ನೆ ಹೊಸದಾಗಿ ಸೇರಿದ ಅಂಚೆಯವಳು ಒಂದು ತಂತಿ ಅತಿಯಾಗಿ ಜೋಲುತ್ತದೆ ಎಂದು ತಿದ್ದಿ ಕಳಿಸಿದಳು. ಬೀದಿಯ ಕಾವಲು ಸೊಸೆಯದು, ಉತ್ತರ ಕೆಳಗಿನಿಂದಲೇ ಬಂತು: "ತಪ್ಪಲ್ಲ. ನೆನೆದ ಕಂಬಳಿ ಹಾಗೇ ಜೋಲುತ್ತದೆ. ಕಲಿಸಿದವರು ಕೆಳಗಿಳಿದು ಬಂದು ನೋಡಲಿ."

ಮಾಸ್ತರು ಹಿಮ್ಮಡಿಯಿಂದ ನೆಲಕ್ಕೆ ಗುದ್ದಿದರು. ಅದಕ್ಕೆ ಉತ್ತರವೆಂಬಂತೆ ಕೆಳಗೆ ಹಿಂಡುವ ಯಂತ್ರ ಶುರುವಾಯಿತು. ಅವರ ಕುರ್ಚಿ ನಿಧಾನವಾಗಿ ಗೋಡೆಯ ಕಡೆಗೆ ಸರಿಯತೊಡಗಿತು.

"ಮತ್ತೆ ಕಳಿಸು," ಎಂದರು ಅಂಚೆಯವಳಿಗೆ, ಮೇಜು ಹಿಡಿದುಕೊಂಡು. "ನಿನ್ನ ಹೆಸರಲ್ಲೇ."