ಮನೆಗೆ ಮರಳಿದ ಸೈನಿಕರ ಕ್ಲಚ್ಚಣ್ಣ

ಬೆಳಗಿನ ಐದೂವರೆ. ಮೂರು ಮಹಡಿಯ ಹಳೆಯ ಕಟ್ಟಡವೊಂದರ ಮುಂದೆ ಕ್ಲಚ್ಚಣ್ಣ ನಿಂತಿದ್ದಾರೆ. ಬಾಗಿಲು ಬಡಿಯುವುದಿಲ್ಲ, ಬೆಲ್ ಒತ್ತುವುದಿಲ್ಲ. ದಿಢೀರನೆ ಸದ್ದಾದರೆ ಮೇಲಿನ ಮನೆಯ ಮಾಜಿ ಸೈನಿಕ ಮಂಚದ ಕೆಳಗೆ ಸೇರಿಬಿಡುತ್ತಾನೆ. ಅದಕ್ಕೇ ಬೀದಿಯಿಂದಲೇ ಮೆಲ್ಲಗೊಂದು ಶಿಳ್ಳೆ ಹಾಕಿ ಕಾಯುತ್ತಾರೆ. "ನಾನು ಬಂದಿದೀನಿ ಅಂತ ಗೊತ್ತಾದ್ರೆ ಸಾಕು. ಇಳಿಯೋದು ಬಿಡೋದು ಅವನಿಗೆ ಬಿಟ್ಟಿದ್ದು" ಎನ್ನುತ್ತಾರೆ.

ನಲವತ್ತೆರಡು ದಿನ ಯಾರೂ ಇಳಿದಿರಲಿಲ್ಲ. ನಲವತ್ತಮೂರನೆಯ ದಿನ ಬೂಟಿನ ಲೇಸು ಬಿಗಿದುಕೊಂಡು ಅವನು ಬಂದ. ಸೈನ್ಯದಲ್ಲಿ ಹನ್ನೊಂದು ವರ್ಷ ನೆಲಬಾಂಬ್ ಹುಡುಕಿ ತೆಗೆದವನು. ಹೊಸದಾಗಿ ಅಗೆದು ಮುಚ್ಚಿದ ಗುಂಡಿಯಾಗಲಿ, ಹುಲ್ಲು ಬೆಳೆದ ಜಾಗವಾಗಲಿ ಕಂಡರೆ ಇಂದಿಗೂ ಅವನ ಕಾಲು ನಿಂತಲ್ಲೇ ಬೇರೂರುತ್ತದೆ. ಇಬ್ಬರೂ ಬಸ್ ನಿಲ್ದಾಣದತ್ತ ಹೊರಟರು. ಕ್ಲಚ್ಚಣ್ಣ ಮುಂದೆ, ಅವರ ಹೆಜ್ಜೆ ಬಿದ್ದ ಕಡೆಯೇ ಹೆಜ್ಜೆ ಇಡುತ್ತಾ ಅವನು ಹಿಂದೆ. ಐದು ನಿಮಿಷದ ದಾರಿಗೆ ಇಪ್ಪತ್ತೈದು ನಿಮಿಷ. "ಏನಾದ್ರೂ ಇದ್ರೆ ಮೊದ್ಲು ನಂಗೇ ಆಗುತ್ತಲ್ಲ, ನೀನ್ಯಾಕೆ ಹೆದರ್ತೀಯ?" ಎಂದು ಇವರು ತಮಾಷೆ ಮಾಡಿದರು. "ಅದಕ್ಕೇ ಹೆದರಿಕೆ ಅಣ್ಣಾ" ಎಂದ ಅವನು.

ಕ್ಲಚ್ಚಣ್ಣನಿಗೆ ಐವತ್ತನಾಲ್ಕು. ಇಪ್ಪತ್ತೆರಡು ವರ್ಷ ಗುಡ್ಡಗಾಡಿನ ರಸ್ತೆಗಳಲ್ಲಿ ಸೈನ್ಯದ ಲಾರಿ ಓಡಿಸಿ, ಈಗ ಸಿಟಿ ಬಸ್ ಡಿಪೋದಲ್ಲಿ ಹೊಸ ಚಾಲಕರಿಗೆ ತರಬೇತಿ ಕೊಡುತ್ತಿದ್ದಾರೆ. ಕೆಲಸ ಶುರುವಾಗುವುದು ಎಂಟಕ್ಕೆ. ಅದಕ್ಕೂ ಮುಂಚಿನ ಎರಡೂವರೆ ತಾಸು, ಸಮವಸ್ತ್ರ ಕಳಚಿ ಊರು ಸೇರಿಯೂ ಮನೆ ಸೇರಲಾಗದವರಿಗೆ ಮೀಸಲು. ದಿನಕ್ಕೆ ನಾಲ್ಕು ಫೋನ್, ಎರಡು ಮನೆ, ಆರು ಕಿಲೋಮೀಟರ್ ನಡಿಗೆ. ಒಂಬತ್ತು ವರ್ಷಗಳಲ್ಲಿ ಅರವತ್ತೊಂದು ಜನ. ಅವರಲ್ಲಿ ಹದಿನಾಲ್ಕು ಮಂದಿ ಇದೇ ಡಿಪೋದ ಬಸ್ಸು ಓಡಿಸುತ್ತಾರೆ. ಅಡ್ಡಹೆಸರು ಬಂದದ್ದೂ ಅವರಿಂದಲೇ. "ಟಾಪ್ ಗೇರಲ್ಲಿ ಓಡ್ತಿದ್ದ ಗಾಡಿಗೆ ಒಮ್ಮೆಲೇ ಬ್ರೇಕ್ ಹಾಕಿದ್ರೆ ಇಂಜಿನ್ ಒದ್ದಾಡಿ ನಿಂತೋಗುತ್ತೆ. ಮಧ್ಯದಲ್ಲಿ ಕ್ಲಚ್ ಬೇಕು. ಡಾಕ್ಟರ ಕೆಲಸ ಡಾಕ್ಟರಿಗೆ. ಅವರ ಬಾಗಿಲ ತನಕ ಜೊತೆಗೆ ಹೋಗೋದಷ್ಟೇ ನಂದು" ಎನ್ನುತ್ತಾರೆ ಕ್ಲಚ್ಚಣ್ಣ.

ಹನ್ನೊಂದು ವರ್ಷಗಳ ಹಿಂದೆ ಅವರ ಗಾಡಿಯೂ ಹೀಗೇ ಒದ್ದಾಡಿತ್ತು. ನಿವೃತ್ತಿಯಾಗಿ ಬಂದವರು ಮನೆಯನ್ನೇ ಬ್ಯಾರಕ್ ಮಾಡಿದರು. ಹೊದಿಕೆಯ ಮಡಿಕೆ ಒಂದು ಬೆರಳು ಓರೆಯಾದರೂ ಕೂಗಾಟ, ಊಟಕ್ಕೆ ಎರಡು ನಿಮಿಷ ತಡವಾದರೂ ರಂಪ. ಒಂದು ದಿನ ಏಳು ವರ್ಷದ ಮಗಳು ತಾಯಿಯ ಸೆರಗಿನ ಹಿಂದೆ ನಿಂತು ಪಿಸುಗುಟ್ಟಿದಳು: "ಅಮ್ಮಾ, ಈ ಅಂಕಲ್ ಯಾವಾಗ ವಾಪಸ್ ಹೋಗ್ತಾರೆ?"

ಹೆಂಡತಿ ಅತ್ತಿದ್ದು ಅಂದು. ಮಾತನ್ನು ಮಾತ್ರ ನುಂಗಿಕೊಳ್ಳಲಿಲ್ಲ. "ರಜೆಗೆ ಬರ್ತಿದ್ದಾಗ ನೀವು ನೆಂಟರ ಹಾಗಿದ್ರಿ. ಈಗ ಬಂದಿದ್ದೇ ಯಜಮಾನಿಕೆ ಶುರು ಮಾಡಿದೀರಿ. ಮೊದ್ಲು ಮನೆಯವರಾಗ್ರೀ."

ಆಗುವುದು ಹೇಗೆಂದು ತೋರಿಸಿದವರು ಡಿಪೋದ ಹಿಂದಿನ ಬೀದಿಯಲ್ಲಿದ್ದ, ಸೈನ್ಯದಲ್ಲಿ ಅಡುಗೆ ಮಾಡುತ್ತಿದ್ದ ಹಿರಿಯರೊಬ್ಬರು. ಉಪದೇಶವಿಲ್ಲ, ಬುದ್ಧಿಮಾತಿಲ್ಲ. ದಿನವೂ ಕರೆದು ಕೂರಿಸಿಕೊಂಡು ಒಂದು ಬುಟ್ಟಿ ಈರುಳ್ಳಿ ಮುಂದಿಡುತ್ತಿದ್ದರು. "ಈರುಳ್ಳಿ ಹೆಚ್ಚುವಾಗ ಅತ್ರೆ ಯಾರೂ ಯಾಕೆ ಅಂತ ಕೇಳಲ್ಲ ನೋಡಿ" ಎಂದು ಕ್ಲಚ್ಚಣ್ಣ ನಗುತ್ತಾರೆ. ಹದಿನೈದು ದಿನದ ಮೇಲೆ ಆ ಹಿರಿಯರು ಆಡಿದ್ದು ಒಂದೇ ಮಾತು: "ನಂಗೂ ಹಿಂಗೇ ಆಗಿತ್ತು ಕಣಪ್ಪ." ಅವರು ತೀರಿಕೊಂಡು ಆರು ವರ್ಷ. ಆ ಮಾತನ್ನು ಕ್ಲಚ್ಚಣ್ಣ ಈಗ ಬೇರೆಯವರಿಗೆ ಹೇಳುತ್ತಾರೆ.

ಎಲ್ಲರೂ ದಡ ಸೇರುವುದಿಲ್ಲ. ಫಿರಂಗಿ ದಳದಲ್ಲಿದ್ದ ಒಬ್ಬ, ಮನೆಯಲ್ಲಿ ಯಾರಿಗೂ ಹೇಳದೆ ಊರು ಬಿಟ್ಟ. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಅವನ ನಂಬರಿಗೆ ಕರೆ ಮಾಡುತ್ತಾರೆ. ಸ್ವಿಚ್ ಆಫ್. "ಒಂದಿನ ರಿಂಗ್ ಆಗಬಹುದಲ್ಲ" ಎಂದು ಫೋನನ್ನು ಜೇಬಿಗಿಳಿಸುತ್ತಾರೆ. "ಅಲ್ಲಿ, ಸೈನ್ಯದಲ್ಲಿ, ಕತ್ತಲಲ್ಲಿ ಒಬ್ಬ ಕೆಮ್ಮಿದ್ರೆ ಯಾರು ಅಂತ ಗೊತ್ತಾಗ್ತಿತ್ತು. ಇಲ್ಲಿ ಎದುರುಮನೆಯವರ ಹೆಸರೇ ಗೊತ್ತಿಲ್ಲ. ಯುದ್ಧ ಯಾರಿಗೆ ಬೇಕು ಹೇಳಿ? ಆದ್ರೆ ಆ ಕೆಮ್ಮು ಕೇಳ್ಬೇಕು ಅನ್ಸುತ್ತೆ."

ನೆಲಬಾಂಬ್ ತೆಗೆಯುತ್ತಿದ್ದವನ ಹೆಂಡತಿ ಮೊದಲ ದಿನವೇ ಇವರಿಗೆ ಕಡ್ಡಿ ಮುರಿದಂತೆ ಹೇಳಿದ್ದಳು: "ಮನುಷ್ಯ ಬಂದಿದಾರೆ ಅಣ್ಣಾ, ನನ್ನ ಗಂಡ ಇನ್ನೂ ಬಂದಿಲ್ಲ. ಮಗು ಗೊಂಬೆ ಬೀಳಿಸಿದ್ರೂ ಬೆಚ್ಚಿಬೀಳ್ತಾರೆ. ಮೂರು ತಿಂಗಳು ನೋಡ್ತೀನಿ. ಆಮೇಲೆ ಮಗೂನ ಕರ್ಕೊಂಡು ತವರಿಗೆ ಹೋಗ್ತೀನಿ."

ಆ ಗಡುವು ಮುಗಿಯಲು ವಾರವಿರುವಾಗ, ಒಂದು ಭಾನುವಾರ, ಗಂಡ, ಹೆಂಡತಿ, ಮಗು, ಕ್ಲಚ್ಚಣ್ಣ, ನಾಲ್ಕೂ ಜನ ಉದ್ಯಾನಕ್ಕೆ ಹೋಗಿದ್ದರು. ಅವನು ಎಂದಿನಂತೆ ಸಿಮೆಂಟ್ ಹಾದಿ ಬಿಟ್ಟು ಕದಲಲಿಲ್ಲ. ನಾಲ್ಕು ವರ್ಷದ ಮಗಳು ಚೆಂಡಿನ ಹಿಂದೆ ಓಡಿದಳು. ಹುಲ್ಲು ದಾಟಿದರೆ ಕೊಳ. ಅವನು ಅವಳ ಹೆಸರು ಕೂಗುತ್ತಾ ಓಡಿಯೇಬಿಟ್ಟ. ಕೊಳದಂಚಿನಲ್ಲಿ ಮಗುವನ್ನು ಎತ್ತಿಕೊಂಡ ಮೇಲಷ್ಟೇ ತಿರುಗಿ, ತಾನು ತುಳಿದುಬಂದ ಹುಲ್ಲನ್ನು ನೋಡಿದ. ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಹೋಗಿ ಪಕ್ಕದಲ್ಲಿ ಕೂತಳು. ಕ್ಲಚ್ಚಣ್ಣ ಬೇರೆ ಕಡೆ ಮುಖ ಮಾಡಿ ನಿಂತರು. "ಅದು ಅವರ ಮನೆಯ ವಿಷಯ, ಅಲ್ಲಿ ನನಗೇನು ಕೆಲಸ?"

ತವರಿನ ಮಾತನ್ನು ಆಕೆ ಮತ್ತೆ ಎತ್ತಿಲ್ಲ. ಈಗ ಬೆಳಗಿನ ನಡಿಗೆಯಲ್ಲಿ ಅವನು ಹಿಂದೆ ಬರುವುದಿಲ್ಲ, ಪಕ್ಕದಲ್ಲಿ ಬರುತ್ತಾನೆ. ಕೆಲವು ದಿನ ಮಾತ್ರ ಹಿಂದಾಗುತ್ತಾನೆ.

ನಿಮಗೇನು ಆಸೆ ಎಂದು ಕೇಳಿದರೆ ಕ್ಲಚ್ಚಣ್ಣ ನಾಚುತ್ತಾರೆ. "ಮಗಳ ಮೊದಲ ಹಲ್ಲು ಬಿದ್ದಿದ್ದು ನೋಡ್ಲಿಲ್ಲ. ಸೈಕಲ್ ಕಲಿತಿದ್ದು ನೋಡ್ಲಿಲ್ಲ, ಅವಳ ಸೋದರಮಾವ ಕಲಿಸಿದ್ದು. ಈಗ ಹದಿನೆಂಟು ತುಂಬಿದೆ. ಊರಿಗೆಲ್ಲ ಡ್ರೈವಿಂಗ್ ಕಲಿಸೋನು ನಾನು, ನಿಂಗೂ ಕಲಿಸ್ತೀನಿ ಬಾರಮ್ಮ ಅಂದೆ. 'ಕಿರುಚಲ್ಲ ಅಂದ್ರೆ ಮಾತ್ರ ಅಪ್ಪಾ' ಅಂದ್ಲು. ಕಿರುಚಲ್ಲ. ಸುಮ್ನೆ ಪಕ್ಕದ ಸೀಟಲ್ಲಿ ಕೂತ್ಕೋತೀನಿ. ಅವಳು ಎಲ್ಲಿಗೆ ಕರ್ಕೊಂಡು ಹೋಗ್ತಾಳೋ, ಹೋಗ್ಲಿ."