ಬಲಗಾಲಿಟ್ಟು ಬನ್ನಿ

ಗಾಯಾಳು ಯೋಧರ ಬೆನ್ನಿಗೆ ನಿಂತ ಹೆಂಡತಿಯರಿಗೆ ಶಿವಮೊಗ್ಗದಲ್ಲಿ ಸನ್ಮಾನವಿತ್ತು. ಭದ್ರಾವತಿಯ ವಿದ್ಯಾಶ್ರೀಗೆ ಶಾಲು ಹೊದಿಸಿದ ಅಧ್ಯಕ್ಷರು ಮೈಕ್ ಹಿಡಿದು ಕೇಳಿದರು: "ಕಾಲು ಕಳ್ಕೊಂಡು ಬಂದ ಯಜಮಾನ್ರಿಗೆ ಮೊದ್ಲು ಏನ್ ಹೇಳಿ ಧೈರ್ಯ ತುಂಬಿದ್ರಿ ತಾಯಿ?"

"ಏನೂ ಹೇಳ್ಲಿಲ್ಲ ಸರ್," ಎಂದಳು. ಜನ ಚಪ್ಪಾಳೆ ತಟ್ಟಿದರು. ಇವರಿಗೆ ಎಲ್ಲದಕ್ಕೂ ಒಂದು ಚಪ್ಪಾಳೆ!

ಹೇಳಿದ್ದಳು. ಗಂಡ ದುಶ್ಯಂತ ಆಸ್ಪತ್ರೆಯಿಂದ ಬಂದ ದಿನ ಹೊಸ್ತಿಲಲ್ಲಿ ಆರತಿ ಎತ್ತಿ, ರೂಢಿಯಂತೆ "ರೀ, ಬಲಗಾಲಿಟ್ಟು ಬನ್ನಿ" ಎಂದುಬಿಟ್ಟಿದ್ದಳು. ಹೋಗಿದ್ದುದು ಬಲಗಾಲೇ. ಅವನು ಊರುಗೋಲು ತಿರುಗಿಸಿ ಹಿತ್ತಿಲ ಬಾಗಿಲಿಂದ ಒಳಗೆ ಹೋದ. ಇವತ್ತಿಗೂ ಮುಂಬಾಗಿಲು ತುಳಿದಿಲ್ಲ.

ಸಂಜೆ ಅವಳು ಮನೆ ತಲುಪಿದಾಗ ಬೀದಿಯವರು ಹಾರ ಹಿಡಿದು ಮುಂಬಾಗಿಲಲ್ಲಿ ಕಾಯುತ್ತಿದ್ದರು. ವಿದ್ಯಾಶ್ರೀ ಶಾಲು ಮಡಚಿ ಕಂಕುಳಲ್ಲಿಟ್ಟುಕೊಂಡು ಹಿತ್ತಿಲ ಕಡೆ ನಡೆದಳು. ಅವನು ಬಂದ ಆ ದಿನದಿಂದ ಅವಳೂ ಆ ಹೊಸ್ತಿಲು ದಾಟಿರಲಿಲ್ಲ.